ಹಾರನ್ ಕೇಳಿ ನಿಂತ ಸೈಕಲ್

ಸ್ವೀಡನ್ನಿನ ಸೋಲ್ನಾದ ಒಂದು ತಿರುವಿನಲ್ಲಿ, ನಮ್ಮ ಮುಂದಿದ್ದ ಸೈಕಲ್ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಅಳಿಯ ರಘು ನಮ್ಮೂರಿನ ಅಭ್ಯಾಸದಂತೆ ಎರಡು ಸಲ ಮೆಲ್ಲಗೆ ಹಾರನ್ ಒತ್ತಿದ್ದ, ಅಷ್ಟೆ. ನವೆಂಬರ್ ತಿಂಗಳು, ಮಧ್ಯಾಹ್ನ ಮೂರೂವರೆಗೇ ಕತ್ತಲು.

"ನೋಡಿ ಅತ್ತೆ, ಸೈಡ್ ಕೊಡೋದು ಬಿಟ್ಟು ಸ್ಟ್ಯಾಚ್ಯೂ ಥರ ನಿಂತ್ಬಿಟ್ರು!"

ನನ್ನಷ್ಟೇ ವಯಸ್ಸಿನ ಹೆಂಗಸು ಸೈಕಲ್ ಇಳಿದು ಬಂದು ಕಿಟಕಿ ತಟ್ಟಿದಳು. ಬೈಸಿಕೊಳ್ಳಲು ರೆಡಿಯಾಗಿದ್ದೆವು. ಆಕೆ ಇಂಗ್ಲಿಷಿನಲ್ಲಿ, ಪಿಸುಮಾತಿನಂತೆ, "ನನ್ನ ಮಗಳಿಗೂ ಇಲ್ಲೇ ಹಾರನ್ ಮಾಡಿದ್ರು. ಬೆಚ್ಚಿ ಕಾರಿನ ಕೆಳಗೆ ಬಿದ್ದು ತೀರಿಕೊಂಡಳು. ಸೇತುವೆ ತನಕ ನನ್ನ ಹಿಂದೇನೇ ಬನ್ನಿ, ಪ್ಲೀಸ್" ಎಂದಳು.

ಆಕೆ ಸೈಕಲ್ ತಳ್ಳಿಕೊಂಡು ನಡೆದಳು. ನಮ್ಮ ಕಾರು ಹಿಂದೆ ತೆವಳಿತು. ತಿರುಗಿ ನೋಡಿದರೆ, ಉರಿಯುವ ಹೆಡ್‌ಲೈಟುಗಳ ಉದ್ದನೆಯ ಸಾಲು. ಯಾರೊಬ್ಬರೂ ಸದ್ದು ಮಾಡಲಿಲ್ಲ. ಅಂಥ ಸೈಲೆನ್ಸ್ ನಾನು ಶವಯಾತ್ರೆಯಲ್ಲೂ ಕಂಡಿರಲಿಲ್ಲ. ಸೇತುವೆ ಬಂದಾಗ ಆಕೆ ಪಕ್ಕಕ್ಕೆ ಸರಿದು, ಮಕ್ಕಳನ್ನು ಸ್ಕೂಲಿಗೆ ಕಳಿಸುವವಳಂತೆ ನಮಗೆ ಕೈ ಬೀಸಿದಳು.

ಗುರುತಿಲ್ಲದವರಿಗೂ ಪ್ರೇಯರ್ ಹೇಳಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಈಗ ಮೈಸೂರಿನಲ್ಲಿ ಸಂಜೆ ದೀಪ ಹಚ್ಚುವಾಗ ಆ ಮಗಳಿಗೊಂದು ಹೇಳುತ್ತೇನೆ. ಹೆಸರಿನ ಜಾಗಕ್ಕೆ ಬಂದಾಗ ಮಾತ್ರ ಸುಮ್ಮನಾಗುತ್ತೇನೆ. ಅಂದು ಕೇಳಲೇ ಇಲ್ಲ.