ನಲವತ್ನಾಲ್ಕನೆಯ ಯತ್ನ

ನನ್ನ ದಿನಚರಿಯಲ್ಲಿ ಎರಡು ಶಾಯಿಗಳಿವೆ. ಸ್ವಂತ ಬುದ್ಧಿಯಿಂದ ಮಾಡಿದ್ದಕ್ಕೆ ಕಪ್ಪು, ಇನ್ನೊಬ್ಬರಿಂದ ಎರವಲು ತಂದದ್ದಕ್ಕೆ ಕೆಂಪು. ಈ ಪದ್ಧತಿ ಶುರುಮಾಡಿದಾಗ ಅದನ್ನು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ನನ್ನ ಮೇಲೆ ನಾನೇ ಚಾಡಿ ಬರೆದಿಡುತ್ತಿದ್ದೇನೆ. ಪತ್ತೇದಾರಿ ವಿಡಿಯೊ ಗೇಮ್‌ಗಳ ಪುಟಗಳಂತೂ ಕುಂಕುಮ ಚೆಲ್ಲಿದ ಹಾಗಿವೆ. ಮೊದಲ ಗೇಮ್: ‘ಒಗಟು ಬಿಡಿಸಲಾಗದೆ ಉತ್ತರದ ವಿಡಿಯೊ ನೋಡಿದೆ.’ ಎರಡನೆಯದು: ‘ನೋಡಿದೆ.’ ಮೂರನೆಯದಕ್ಕೆ ಮಾತೂ ಇಲ್ಲ, ಒಂದು ಕೆಂಪು ಗೀಟು ಮಾತ್ರ.

ನಾಲ್ಕನೆಯದರಲ್ಲಾದರೂ ಪುಟವಿಡೀ ಕಪ್ಪಗಿರಬೇಕೆಂದು ರಾಮದುರ್ಗದ ಗೆಳತಿ ಶಬಾನಾಳ ಜೊತೆ ಪಣ ಕಟ್ಟಿದೆ. ಗಡುವು ಇಪ್ಪತ್ತೊಂದು ದಿನ. ಸೋತರೆ ನಾನು ಅವಳ ಮನೆಗೆ ಹೋಗಿ ರೊಟ್ಟಿ ಬಡಿಯಬೇಕು. ಗೆದ್ದರೆ ಅವಳು ಬೈಲಹೊಂಗಲಕ್ಕೆ ಬಂದು ಬಡಿಯಬೇಕು.

“ನೀ ಬಡದ ರೊಟ್ಟಿ ತಿನ್ನಾಕ ಹಲ್ಲು ಗಟ್ಟಿ ಬೇಕವಾ,” ಎಂದಳು. “ನಮ್ಮ ಮನ್ಯಾಗ ಎಲ್ಲಾರಿಗೂ ಈಗ ಹೇಳಿಡತೇನಿ.”

ಗೇಮ್ ನಡೆಯುವುದು ಒಂದು ಹಳೆಯ ವಾಡೆಯಲ್ಲಿ. ಒಂದು ಮಧ್ಯಾಹ್ನ ಆರು ಜನ ಅತಿಥಿಗಳು ಬಂದಿದ್ದಾರೆ, ತಿಜೋರಿಯಲ್ಲಿದ್ದ ಪತ್ರ ಕಾಣೆಯಾಗಿದೆ. ಪಡಸಾಲೆಯ ಗೋಡೆಯ ಮೇಲೆ ಆ ಆರು ಜನರ ಚಿತ್ರಗಳು. ಅವರು ಬಂದ ಕ್ರಮದಲ್ಲಿ ಚಿತ್ರಗಳನ್ನು ತೂಗುಹಾಕಿದರೆ ಮುಚ್ಚಿದ ಕೋಣೆಯ ಬಾಗಿಲು ತೆರೆಯುತ್ತದೆ. ಸುಳಿವು ಒಂದೇ: ಹೊಸ್ತಿಲಾಚೆ ಬಿಟ್ಟಿರುವ ಆರು ಜೊತೆ ಪಾದರಕ್ಷೆ. ಯಾವುದು ಯಾರದೆಂಬುದನ್ನು ಎರಡನೆಯ ದಿನವೇ ಪತ್ತೆ ಹಚ್ಚಿದ್ದೆ. ಐದು ಜೊತೆ ಒಂದರ ಮೇಲೊಂದು ರಾಶಿ ಬಿದ್ದಿವೆ. ಆರನೆಯದು ಗುಮಾಸ್ತನದು, ದೂರದಲ್ಲಿ, ಗೋಡೆಗೆ ತಾಗಿ, ಬೀದಿಗೆ ಮುಖಮಾಡಿ ನಿಂತಿದೆ.

ಅಡಿಯಲ್ಲಿದ್ದವರು ಮೊದಲು ಬಂದವರು, ಮೇಲಿದ್ದವರು ಆಮೇಲೆ. ಇಷ್ಟು ಸುಲಭ. ಗುಮಾಸ್ತನ ಬಗ್ಗೆ ಹೀಗೆ ಬರೆದುಕೊಂಡೆ: ‘ಕೊನೆಗೆ ಬಂದ. ಬಾಗಿಲಲ್ಲಿ ಜಾಗವಿಲ್ಲದೆ ದೂರ ಬಿಟ್ಟಿದ್ದಾನೆ.’ ಕೆಳಗೆ ಎರಡು ಗೆರೆಯನ್ನೂ ಎಳೆದೆ. ಬಾಗಿಲು ತೆರೆಯಲಿಲ್ಲ.

ಅಂದಮೇಲೆ ತಪ್ಪಿರುವುದು ರಾಶಿಯಲ್ಲೇ! ಗುಮಾಸ್ತನನ್ನು ಕೊನೆಯಲ್ಲೇ ಇಟ್ಟು ಉಳಿದ ಐವರನ್ನು ಅದಲುಬದಲು ಮಾಡತೊಡಗಿದೆ. ಪ್ರತಿ ಯತ್ನಕ್ಕೂ ಒಂದು ಗೀಟು, ಐದಕ್ಕೊಂದು ಅಡ್ಡ ಗೀಟು. ಹದಿನಾರನೆಯ ದಿನಕ್ಕೆ ನಲವತ್ಮೂರು ಗೀಟುಗಳಾದವು. ಐದು ಜನರನ್ನು ನೂರಿಪ್ಪತ್ತು ಬಗೆಯಲ್ಲಿ ಸಾಲು ನಿಲ್ಲಿಸಬಹುದು, ಇನ್ನು ಎಪ್ಪತ್ತೇಳು ಬಾಕಿ ಎಂದು ಲೆಕ್ಕ ಹಾಕಿ ಸಮಾಧಾನಪಟ್ಟುಕೊಂಡೆ. ಶಿಸ್ತಿನವರ ದುರ್ಗುಣವೇ ಇದು: ದಾರಿ ತಪ್ಪಿದರೂ ಮೈಲಿಗಲ್ಲು ಎಣಿಸುವುದನ್ನು ಬಿಡುವುದಿಲ್ಲ.

ಶಬಾನಾಳ ಫೋನು ತಪ್ಪದೆ ಬರುತ್ತಿತ್ತು. “ಏನವಾ ಲೆಕ್ಕದಾಕಿ, ಕೆಂಪು ಪೆನ್ನು ಹುಡುಕಾಕ ಹತ್ತೀಯೇನ?”

ಪೆನ್ನು ಮೇಜಿನ ಮೇಲೆಯೇ ಇತ್ತು. ಅದನ್ನು ದಿನಚರಿಯ ಕೆಳಗೆ ಸರಿಸಿದೆ.

ಹದಿನೇಳನೆಯ ದಿನ, ಭಾನುವಾರ, ಯರಗಟ್ಟಿಯಲ್ಲಿ ಅತ್ತೆಯ ಮಗಳ ಕುಬಸ. ನಮ್ಮ ಕಡೆ ಬಸುರಿ ಹೆಣ್ಣಿಗೆ ಸೀರೆ ಕುಪ್ಪಸ ಕೊಟ್ಟು, ಆರತಿ ಎತ್ತಿ, ಹೊಟ್ಟೆ ತುಂಬ ಉಣಿಸುವ ಕಾರ್ಯ. ಹನ್ನೊಂದಕ್ಕೆ ಎಂದಿದ್ದರು, ನಾನು ಹನ್ನೊಂದಕ್ಕೇ ಹೋದೆ. ಬಾಗಿಲಲ್ಲಿ ಅತ್ತೆ ಇನ್ನೂ ಕಸ ಗುಡಿಸುತ್ತಿದ್ದಳು. ಉಳಿದವರು ಬಂದಾಗ ಹನ್ನೆರಡೂವರೆ.

ಉಂಡು ಹೊರಡುವಾಗ ನೋಡಿದರೆ ಹೊಸ್ತಿಲಾಚೆ ಚಪ್ಪಲಿಗಳ ಗುಡ್ಡೆ. ಹೆಂಗಸರು ಕಾಲಿನಿಂದಲೇ ಕೆದಕಿ ತಮ್ಮದನ್ನು ಹುಡುಕುತ್ತಿದ್ದರು. ಒಂದು ಜೊತೆ ಮಾತ್ರ ದೂರದಲ್ಲಿ, ಗೋಡೆಗೆ ತಾಗಿ, ಬೀದಿಗೆ ಮುಖಮಾಡಿ ನಿಂತಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟಳು.

“ಇದು ನಿಂದ ಇರಬೇಕ ನೋಡು. ಎಲ್ಲಾರಗಿಂತ ಮೊದಲ ಬರೂದು, ಬರೂಮುಂದನ ಓಡಿ ಹೋಗಾಕ ತಯಾರಾಗೂದು! ಮಂದಿ ಮನಿಗೆ ಬಂದಾಕಿಗೆ ಕುಂದ್ರೂ ಮನಸ ಇಲ್ಲೇನ?”

ಹೌದು, ನನ್ನದೇ. ಯಾರೂ ತುಳಿಯದಿರಲಿ, ಹೊರಡುವಾಗ ಹುಡುಕಾಟ ಬೇಡವೆಂದು ನಾನು ಎಲ್ಲಿ ಹೋದರೂ ಬಿಡುವುದು ಹೀಗೆಯೇ. ಹಾಗೆ ಬಿಡಲು ಗೋಡೆಯ ಬದಿ ಖಾಲಿ ಇರಬೇಕು, ಕೈಯಲ್ಲಿ ಸಮಯವಿರಬೇಕು. ಮೊದಲು ಬಂದವಳಿಗೆ ಎರಡೂ ಇರುತ್ತವೆ. ತಡವಾಗಿ ಬಂದವರು ಕಳಚಿ ಎಸೆದು ಒಳಗೆ ನುಗ್ಗುತ್ತಾರೆ. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಟ್ಟೆ. ಗುಮಾಸ್ತ ಕೊನೆಗೆ ಬಂದವನಲ್ಲ!

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಅವನ ಚಿತ್ರವನ್ನು ಮೊದಲ ಮೊಳೆಗೆ ಹಾಕಿದೆ. ಉಳಿದ ಐವರನ್ನು ರಾಶಿಯಲ್ಲಿದ್ದ ಕ್ರಮದಲ್ಲೇ, ಅಂದರೆ ನನ್ನ ಮೊದಲ ಯತ್ನದಲ್ಲಿದ್ದಂತೆಯೇ ಇಟ್ಟೆ. ಬಾಗಿಲು ಕಿರ್ರೆಂದಿತು. ಆ ಕಿರ್ರನ್ನು ಮತ್ತೆ ಕೇಳಬೇಕೆಂದು ಗೇಮನ್ನು ಹಿಂದಕ್ಕೆ ಒಯ್ದು ಮೂರು ಸಲ ತೆರೆದೆ. ಅವನೇ ಕಳ್ಳ ಕೂಡ. ಮೊದಲೇ ಬಂದು, ಪತ್ರ ಎಗರಿಸಿ, ಜಾಗ ಖಾಲಿ ಮಾಡಲು ಸಿದ್ಧನಾಗಿದ್ದ. ಶಿಸ್ತಿನಲ್ಲಿ ಅವನೂ ನಾನೂ ಒಂದೇ ಮನೆಯವರು. ಗುರುತು ಹಿಡಿಯಲು ನನಗೆ ಹದಿನೇಳು ದಿನ ಬೇಕಾಯಿತು. ನೂರಿಪ್ಪತ್ತು ಗೀಟು ಹಾಕಿದ್ದರೂ ಸಿಗುತ್ತಿರಲಿಲ್ಲ ಎಂಬುದನ್ನೂ ಬರೆದಿದ್ದೇನೆ. ಎಲ್ಲ ಕಪ್ಪು ಶಾಯಿಯಲ್ಲಿ. ಅತ್ತೆಯ ಮಾತು ಎರವಲಲ್ಲವೇ ಎಂದು ಒಂದು ಗಳಿಗೆ ಯೋಚಿಸಿದ್ದುಂಟು. ಆದರೆ ಅದು ಬೈಗುಳ; ಬೈಸಿಕೊಂಡದ್ದು ಸ್ವಂತ ಸಂಪಾದನೆ.

“ಖರೇ ಹೇಳು, ವಿಡಿಯೊ ನೋಡಿದಿ ಹೌದಿಲ್ಲೊ?” ಎಂದಳು ಶಬಾನಾ.

“ಚಪ್ಪಲಿ ನೋಡಿದೆ,” ಎಂದೆ.

ಅವಳು ಬಂದು ಹದಿನಾಲ್ಕು ರೊಟ್ಟಿ ಬಡಿದಳು. ದುಂಡಗಿದ್ದವು ಒಂಬತ್ತು. ನಾನು ಐದು ತಿಂದೆ. ಗೆದ್ದವಳ ಹಸಿವು ಬೇರೆಯೇ.

ಮುಂದಿನ ವಾರ ಪೂಜೆಯ ಊಟಕ್ಕೆ ಅತ್ತೆಯ ಮನೆಗೆ ಮತ್ತೆ ಹೋದೆ. ಹೊಸ್ತಿಲಲ್ಲಿ ಎರಡು ಗಳಿಗೆ ನಿಂತು, ಚಪ್ಪಲಿಯನ್ನು ಎಲ್ಲರ ಚಪ್ಪಲಿಗಳ ನಡುವೆ, ಮನೆಯ ಕಡೆ ಮುಖಮಾಡಿ ಬಿಟ್ಟು ಒಳಗೆ ನಡೆದೆ. ಸಂಜೆಯವರೆಗೂ ಕೂತೆ. ಹೊರಡುವಾಗ ಅವನ್ನು ಹುಡುಕಲು ಹನ್ನೊಂದು ನಿಮಿಷ ಹಿಡಿಯಿತು. ಅದನ್ನೂ ಬರೆದುಕೊಂಡಿದ್ದೇನೆ, ಕಪ್ಪು ಶಾಯಿಯಲ್ಲಿ.