ಅಸಲಿ ಕಾರ್ಡ್, ಅಳಿಸಿದ ಮುದ್ರೆ

ಮುಂಬೈಯ ಒಂದು ಹಳೇ ಜೈಲಿಗೆ ನೀರಿನ ಪಂಪ್ ರಿಪೇರಿಗೆಂದು ಘಾಟ್ಕೋಪರ್‌ನಿಂದ ಹೋಗಿದ್ದೆ. ಒಳಗೆ ಹೋಗುವವರ ಮುಂಗೈಗೆ ಗೇಟಿನಲ್ಲಿ ಮುದ್ರೆ ಒತ್ತುತ್ತಾರೆ. ವಾಪಸ್ ಬರುವಾಗ ಅದನ್ನು ತೋರಿಸಿದರೇ ಹೊರಗೆ ಬಿಡುವುದು.

ಜತೆಗಿದ್ದ ವಾರ್ಡರ್ ಅಕ್ಕಲಕೋಟೆ ಕಡೆಯವನು. ನಾನು ಕನ್ನಡದವನೆಂದು ತಿಳಿದದ್ದೇ ತಡ, ಹೊಸ ಮನೆ ತೋರಿಸುವವನಂತೆ ಶುರುಮಾಡಿದ. "ಇಲ್ಲಿ ಒಬ್ಬ ಮಂತ್ರಿ ಇದ್ದನ್ರೀ, ಆ ಕಡೆ ಸಿನಿಮಾ ಹೀರೋ. ಕಸ ಹೊಡ್ಯಾಕತ್ತಾನಲ್ಲ ಆ ಮುದುಕ, ಖೊಟ್ಟಿ ಕಾರ್ಡ್ ಮಾಡೂದ್ರಾಗ ಭಾಳ ಫೇಮಸ್."

ಪಂಪ್ ನೀರೆತ್ತಿತು. ಗ್ರೀಸ್ ಮೆತ್ತಿದ ಕೈಯನ್ನು ಸೋಪು ಹಚ್ಚಿ ತಿಕ್ಕಿ ತೊಳೆದೆ. ಗ್ರೀಸಿನ ಜತೆ ಮುದ್ರೆಯೂ ಹೋಯಿತು. ಅಷ್ಟರಲ್ಲಿ ಡ್ಯೂಟಿ ಬದಲಾಗಿ, ನಮ್ಮ ವಾರ್ಡರ್ ಮನೆಗೆ ಹೋಗಿಬಿಟ್ಟಿದ್ದ.

ಗೇಟಿನಲ್ಲಿದ್ದ ಹೊಸಬ ನನ್ನ ಖಾಲಿ ಕೈ ನೋಡಿದ. ಆಧಾರ್ ಕಾರ್ಡ್ ಕೊಟ್ಟೆ.

"ಇಂಥವನ್ನು ನಮ್ಮ ಜೈಲಿನ ಕಾಕಾ ರಾಶಿಗಟ್ಟಲೆ ಮಾಡಿದ್ದಾನೆ" ಎಂದು ಹಿಂದಿಯಲ್ಲಿ ರೇಗಿದವನು, ಪೊರಕೆ ಹಿಡಿದಿದ್ದ ಆ ಮುದುಕನನ್ನೇ ಕರೆದು ಕಾರ್ಡ್ ಕೈಗಿತ್ತ.

ಮುದುಕ ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಅಂಚನ್ನು ಉಗುರಿನಿಂದ ಕೆರೆದ.

"ಅಸಲಿ, ಸಾಹೇಬ್. ನಾನು ಮಾಡಿದ್ದಾಗಿದ್ದರೆ ಫೋಟೋದಲ್ಲಿ ಮುಖ ಕಾಣುತ್ತಿತ್ತು" ಅಂದ, ಅವನೂ ಹಿಂದಿಯಲ್ಲೇ.

ಗೇಟು ತೆರೆಯಿತು. ಲೋಕಲ್ ಹತ್ತಿದ ಮೇಲೆ ಕಾರ್ಡ್ ತೆಗೆದು ನೋಡಿಕೊಂಡೆ. ಕಾಕಾ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.