ಫಕ್ರುನ್ನಿಸಾಳ ಹೀರೆ ಹೂವಿನ ಕೌದಿ

ಅಷ್ಟೂರಿನ ಗುಂಬಜಗಳ ಸುತ್ತ ಆಡು ಅಟ್ಟಿಕೊಂಡು ಬೆಳೆದ ಹುಡುಗಿ ಫಕ್ರುನ್ನಿಸಾ. ಔರಾದಕ್ಕೆ ಸೊಸೆಯಾಗಿ ಬಂದ ಮೇಲೆ ಅವಳ ಲೋಕವೆಂದರೆ ಎರಡು ಕೋಣೆ, ಒಂದು ಹಿತ್ತಲು, ಅದರ ಸುತ್ತ ಆಳೆತ್ತರದ ಮಣ್ಣಿನ ಗೋಡೆ. ಎಪ್ಪತ್ತೆರಡರ ಬರ ಬಿದ್ದಾಗ ಗಂಡ ಅಬ್ದುಲ ಸಮದ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದ. ಹೋಗುವಾಗ ಮನೆಯನ್ನು ಅಣ್ಣ ರಶೀದ ಅಹ್ಮದನಿಗೆ ಒಪ್ಪಿಸಿದ. ಪಾರ್ಶ್ವವಾಯು ಬಡಿದು ಮಲಗಿದ್ದ ತಾಯಿ ಚಾಂದಬೀಯನ್ನು ಹೆಂಡತಿಗೆ ಒಪ್ಪಿಸಿದ.

ಓಣಿಯ ಹೆಂಗಸರು ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರು. ತಾನೂ ಹೋಗುತ್ತೇನೆಂದಳು ಫಕ್ರುನ್ನಿಸಾ. ಹಿಟ್ಟಿನ ಚೀಲ ಇಳಿಸುತ್ತಿದ್ದ ಭಾವ ರಶೀದ ತಲೆ ಎತ್ತದೆ ಹೇಳಿದ:

"ನಮ್ಮ ಮನಿ ಹೆಣ್ಣು ರಸ್ತೆ ಮ್ಯಾಲ ಕೂಡೂದು ಬ್ಯಾಡ. ಮತ್ತ ಅಮ್ಮಗ ಯಾರು ನೋಡ್ಬೇಕು?"

ಎರಡನೆಯ ಮಾತು ನಿಜವೇ. ಮುದುಕಿಯನ್ನು ಹೊರಳಿಸಬೇಕು, ಒರೆಸಬೇಕು, ಗಂಜಿ ಕುಡಿಸಬೇಕು. ಚಾಂದಬೀಯ ಬಾಯಲ್ಲಿ ಉಳಿದದ್ದು 'ಪಾನಿ' ಎಂಬ ಒಂದೇ ಮಾತು. ನೀರು ಬೇಕಾದರೂ ಪಾನಿ, ನೋವಾದರೂ ಪಾನಿ. ಒಮ್ಮೊಮ್ಮೆ ಫಕ್ರುನ್ನಿಸಾ ಹಿತ್ತಲಿಗೆ ಬಂದು ಗೋಡೆಗೆ ಹಣೆ ಒತ್ತಿ ನಿಂತುಬಿಡುತ್ತಿದ್ದಳು. ಅತ್ತರೆ ಒಳಗೆ ಕೇಳೀತೆಂದು ಸೆರಗು ಕಚ್ಚಿಕೊಳ್ಳುತ್ತಿದ್ದಳು.

ಆ ಗೋಡೆಯ ಒಂದು ಮೂಲೆ ಎದೆಮಟ್ಟಕ್ಕೆ ಕುಸಿದಿತ್ತು. ಆಚೆ ನೆರೆಮನೆಯ ಜಿಜಾಬಾಯಿಯ ಹಿತ್ತಲು. ಹಗಲೆಲ್ಲ ಕಲ್ಲು ಒಡೆದು, ಸಂಜೆ ತಲೆಯ ಮೇಲೊಂದು ಕೊಡ ಹೊತ್ತು ಬರುತ್ತಿದ್ದಳು ಜಿಜಾಬಾಯಿ. ಅವಳ ಮನೆಮಂದಿಯೆಲ್ಲ ಒಂದೇ ಹಾಸುಗಲ್ಲಿನ ಮೇಲೆ ಮೈ ತೊಳೆಯಬೇಕು. ಆ ನೀರು ಹರಿದು ಹೀರೆ ಬಳ್ಳಿಯ ಬುಡ ಸೇರಬೇಕು. ಪಾತ್ರೆ ತೊಳೆದದ್ದು ಪುಂಡಿಪಲ್ಯದ ಸೊಪ್ಪಿಗೆ, ಚೆಂಡು ಹೂವಿನ ಗಿಡಕ್ಕೆ. ಊರು ಬೂದಿಯ ಬಣ್ಣಕ್ಕೆ ತಿರುಗಿದ್ದಾಗ ಆ ಬಳ್ಳಿಯ ಚಪ್ಪರದ ಮೇಲೆ ಸಂಜೆಯಾದರೆ ಹಳದಿ ಹೀರೆ ಹೂಗಳು ಅರಳುತ್ತಿದ್ದವು.

"ಜಿಜಾಕ್ಕಾ, ಕುಡೀಲಾಕೇ ನೀರಿಲ್ಲ. ಚೆಂಡು ಹೂವಿನ ಗಿಡ ಯಾಕ ಇಟ್ಟೀರಿ?" ಎಂದು ಗೋಡೆಯ ಮೂಲೆಯಿಂದ ಕೇಳಿದಳು ಫಕ್ರುನ್ನಿಸಾ.

"ದಿನಾ ಬರೀ ಕಲ್ಲು ನೋಡ್ತೇನವ್ವ," ಎಂದು ನಕ್ಕಳು ಜಿಜಾಬಾಯಿ. "ಕಣ್ಣಿಗೂ ಏನರ ತಿನ್ಲಾಕ ಬೇಕಲ್ಲ."

ಅಂದು ಹಳೆ ಬಟ್ಟೆಯ ಚೂರುಗಳನ್ನು ಒಂದೇ ಸಮನೆ ಚೌಕ ಚೌಕ ಜೋಡಿಸಿ ಹೊಲಿಯುತ್ತಿದ್ದ ಕೌದಿಯನ್ನು ಫಕ್ರುನ್ನಿಸಾ ಬದಿಗಿಟ್ಟಳು. ಪೆಟ್ಟಿಗೆ ತೆರೆದು ಮದುವೆಯ ಹಳದಿ ದುಪಟ್ಟಾ ತೆಗೆದಳು. ಅದನ್ನು ಹೀರೆ ಹೂವಿನ ಎಸಳುಗಳಾಗಿ ಕತ್ತರಿಸಿದಳು. ಎಲೆಗೆ ಬೇಕೆಂದಾಗ ಜಿಜಾಬಾಯಿ ತನ್ನ ಹರಿದ ಹಸಿರು ಸೀರೆಯನ್ನು ಗೋಡೆಯ ಮೇಲಿಂದ ಕೊಟ್ಟಳು. ಬಳ್ಳಿ ಹೇಗೆ ತಿರುಗುತ್ತದೆ, ಕುಡಿ ಏನನ್ನು ಹಿಡಿಯುತ್ತದೆ ಎಂದು ಸಂಜೆ ನೋಡುವುದು, ಮರುದಿನ ಹೊಲಿಯುವುದು.

ಕೌದಿ ಮುಗಿದ ದಿನ ಅದನ್ನು ಅತ್ತೆಯ ಎದುರಿನ ಗೋಡೆಗೆ ತೂಗುಹಾಕಿದಳು. ಚಾಂದಬೀ ಬಹಳ ಹೊತ್ತು ನೋಡಿದಳು. ತುಟಿ ಸೊಟ್ಟಗಾಯಿತು.

"ತುರೈ," ಎಂದಳು. ಹೀರೆಕಾಯಿಗೆ ಅವರ ಮನೆಮಾತಿನ ಹೆಸರು ಅದು. ಫಕ್ರುನ್ನಿಸಾ ಅತ್ತೆಯ ಎದೆಗೆ ಮುಖವಿಟ್ಟು ಈ ಸಲ ಜೋರಾಗಿಯೇ ಅತ್ತಳು.

ಊರ ಬಾವಿ ಬತ್ತಿದ ಮೇಲೆ ಜಿಜಾಬಾಯಿಯೂ ಗಂಟು ಕಟ್ಟಿದಳು.

"ಹೈದರಾಬಾದಿನಾಗ ಕಟ್ಟಡದ ಕೆಲಸ ಅದ ಅಂತಾರ. ನೀನೂ ಬರ್ತಿ ಏನ, ತಂಗಿ?"

"ಅಮ್ಮ?" ಎಂದಳು ಫಕ್ರುನ್ನಿಸಾ. ಜಿಜಾಬಾಯಿ ಅವಳ ಕೈ ಒತ್ತಿ, ಗಂಟು ಹೊತ್ತು ನಡೆದಳು.

ಭಾವ ದೂರದಿಂದ ತಂದುಕೊಡುತ್ತಿದ್ದ ಎರಡು ಕೊಡ ನೀರಿನಲ್ಲಿ ಉಳಿಸಿದ್ದನ್ನು ಫಕ್ರುನ್ನಿಸಾ ಗೋಡೆಯ ಮೂಲೆಯಿಂದ ಬಳ್ಳಿಯತ್ತ ಎರಚುತ್ತಿದ್ದಳು. ಅದು ಬಳ್ಳಿಯ ಬುಡ ಮುಟ್ಟುತ್ತಿರಲಿಲ್ಲ. ಒಂದು ದಿನ ಮೊಣಕಾಲೂರಿ ಗೋಡೆಯ ಮೇಲೆ ಹತ್ತಿದಳು. ಇನ್ನೇನು ಇಳಿಯಬೇಕು, ಒಳಗಿನಿಂದ "ಪಾನಿ" ಎಂದು ಕೇಳಿಸಿತು. ತಿರುಗಿ ಬಂದಳು. ವಾರದಲ್ಲಿ ಬಳ್ಳಿ ಕಣ್ಣೆದುರೇ ಒಣಗಿತು.

ಮಳೆ ಬಂದ ವರ್ಷ ಚಾಂದಬೀ ತೀರಿಕೊಂಡಳು. ಸಮದ ತಾಯಿಯ ಮಣ್ಣಿಗೂ ಬರಲಿಲ್ಲ. ಮುಂಬಯಿಯಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆಂದು ಸುದ್ದಿ ಬಂತು. ಅಷ್ಟೂರಿನಲ್ಲಿ ತವರೆಂಬುದು ಉಳಿದಿರಲಿಲ್ಲ. ಫಕ್ರುನ್ನಿಸಾ ಅದೇ ಕೋಣೆಯಲ್ಲಿ ಕೂತು ಹೊಲಿದಳು. ಕೂಸು ಹುಟ್ಟಿದ ಮನೆಯವರು ಅವಳ ಹೂವಿನ ಕೌದಿ ಕೇಳಿಕೊಂಡು ಬರತೊಡಗಿದರು, ಭಾಲ್ಕಿಯಿಂದಲೂ ಬಂದರು. ಕೌದಿ ಒಯ್ದು ಮುಟ್ಟಿಸುತ್ತಿದ್ದವನು ಮಾತ್ರ ರಶೀದ. ಅವಳು ಹೊಲಿದದ್ದರ ಮೇಲೆ ಮಲಗಿದ ಒಂದು ಕೂಸನ್ನೂ ಅವಳು ಕಂಡಿರಲಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ಸಂತೆಯ ಮುಂಜಾನೆ ಬುರ್ಖಾ ತೊಟ್ಟು, ಕೌದಿಯ ಗಂಟು ಕಂಕುಳಲ್ಲಿಟ್ಟು ಬಾಗಿಲಿಗೆ ಬಂದಳು. ರಶೀದ ಅಡ್ಡ ನಿಂತ.

"ಯಾರಿಗೆ ಕೇಳಿ ಹೊಂಟಿ?"

"ಯಾರಿಗೂ ಕೇಳಿಲ್ಲರಿ."

ಅವನ ಪಕ್ಕದಲ್ಲೇ ನುಸುಳಿ ಭಾಲ್ಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಯಾರಾದರೂ ಇಳಿಸಿಯಾರೆಂದು ಕಂಬಿ ಬಿಡಲಿಲ್ಲ. ಕೌದಿ ಕೇಳಿದ್ದ ಮನೆಯಲ್ಲಿ ಅದನ್ನು ಹಾಸಿ, ಅದರ ಮೇಲೆ ಮಲಗಿದ ಕೂಸನ್ನು ಕಣ್ಣಾರೆ ಕಂಡು, ಕತ್ತಲಾಗುವುದರೊಳಗೆ ಮರಳಿ ಬಂದಳು. ಬೇರೆ ಮನೆಯಾದರೂ ಎಲ್ಲಿತ್ತು? ರಶೀದ ಅವಳೊಡನೆ ಮಾತು ಬಿಟ್ಟ. ಮುಂದಿನ ಸಂತೆಯ ದಿನ ಅವಳು ಇನ್ನೊಂದು ಕೌದಿ ಹೊತ್ತು ಮತ್ತೆ ಹೋದಳು.